ಫೋನಿನ ತರಂಗ, ಟವರಿನ ತರಂಗ: ಸುರಕ್ಷತಾ ಮಿತಿಗಳನ್ನು ಓದುವ ಬಗೆ

ಶಿವಮೊಗ್ಗ ಜಿಲ್ಲೆಯಲ್ಲಿ ಮೊಬೈಲ್ ಟವರ್ ಕುರಿತ ಬೇಡಿಕೆಗಳು ಒಂದಕ್ಕೊಂದು ಎದುರಾದ ಎರಡು ದಿಕ್ಕಿನಿಂದ ಬರುತ್ತವೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಳಭಾಗದ ಹಳ್ಳಿಗಳು ಟವರ್ ಬೇಕೆಂದು ವರ್ಷಗಟ್ಟಲೆ ಮನವಿ ಸಲ್ಲಿಸಿವೆ ಮತ್ತು ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ ಎಂದು ಘೋಷಿಸಿದ ಉದಾಹರಣೆಗಳೂ ಮಲೆನಾಡಿನಲ್ಲಿವೆ. ನಗರಗಳ ಬಡಾವಣೆಗಳಲ್ಲಾದರೋ ಪಕ್ಕದ ಮನೆಯ ತಾರಸಿಯ ಮೇಲೆ ಟವರ್ ಏಳಲಿದೆ ಎಂಬ ಸುದ್ದಿಯೇ ನೆರೆಹೊರೆಯವರನ್ನು ಆತಂಕಕ್ಕೆ ತಳ್ಳುತ್ತದೆ. ಎರಡೂ ಕಡೆಯ ಕಾಳಜಿ ನಿಜವಾದದ್ದೇ. ಆದರೆ ಈ ಚರ್ಚೆಗಳಲ್ಲಿ ಟವರಿನ ಮಾತು ಬಂದಷ್ಟು ಜೇಬಿನಲ್ಲಿರುವ ಫೋನಿನ ಮಾತು ಬರುವುದಿಲ್ಲ. ತರಂಗ ಎಷ್ಟು, ಅದನ್ನು ಅಳೆಯುವುದು ಹೇಗೆ, ಕಾನೂನು ಎಲ್ಲಿಗೆ ಗೆರೆ ಎಳೆದಿದೆ ಎಂಬ ಪ್ರಶ್ನೆಗಳಂತೂ ಬಹುತೇಕ ಹೊರಗೇ ಉಳಿಯುತ್ತವೆ. ದೇಹಕ್ಕೆ ತಾಗುವ ರೇಡಿಯೋ ಶಕ್ತಿಯ ಲೆಕ್ಕದಲ್ಲಿ ಸಾಮಾನ್ಯ ಬಳಕೆದಾರನ ಪಾಲಿಗೆ ಮೊದಲ ಸ್ಥಾನ ಕೈಯಲ್ಲಿರುವ ಫೋನಿನದು, ಟವರಿನ ಸ್ಥಾನ ಅದರ ಬಹಳ ನಂತರದ್ದು. ಈ ಕ್ರಮವನ್ನು ಸರಿಯಾಗಿ ಗ್ರಹಿಸಿದರೆ ಮಾಡಬೇಕಾದ ಕೆಲಸಗಳೂ ಸ್ಪಷ್ಟವಾಗುತ್ತವೆ.

ರೇಡಿಯೋ ತರಂಗ ಈ ಭಾಗಕ್ಕೆ ಹೊಸದಲ್ಲ. ಭದ್ರಾವತಿಯ ಆಕಾಶವಾಣಿ ಕೇಂದ್ರ 1965ರಲ್ಲಿ ಆರಂಭವಾಗಿ 675 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ, ಮುಂದೆ 103.5 ಮೆಗಾಹರ್ಟ್ಸ್ ಎಫ್ಎಂನಲ್ಲಿ ಮಲೆನಾಡಿನ ಮನೆಮನೆಗೂ ತಲುಪಿತು. ಒಂದು ತರಂಗವು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಎಣಿಕೆಗೆ ಕಂಪನಾಂಕವೆಂದೂ, ಅದರ ಎರಡು ಪಕ್ಕದ ಶೃಂಗಗಳ ನಡುವಿನ ಅಂತರಕ್ಕೆ ತರಂಗದೂರವೆಂದೂ ಹೆಸರು. ಕಂಪನಾಂಕ ಹೆಚ್ಚಿದಂತೆ ತರಂಗದೂರ ಕಿರಿದಾಗುತ್ತದೆ. ಭದ್ರಾವತಿಯ ಮಧ್ಯಮ ತರಂಗದ ಉದ್ದ ಸುಮಾರು 444 ಮೀಟರ್ ಆಗುವುದರಿಂದ ಮನುಷ್ಯನ ದೇಹ ಅದರ ಶಕ್ತಿಯನ್ನು ಹೀರುವುದು ಅತ್ಯಲ್ಪ. ಅದೇ ಕೇಂದ್ರದ ಎಫ್ಎಂ ತರಂಗದ ಉದ್ದ ಮೂರು ಮೀಟರಿಗೆ ತುಸು ಕಡಿಮೆ, ಅಂದರೆ ಅದರ ಅರ್ಧ ಮನುಷ್ಯನ ಎತ್ತರಕ್ಕೆ ಸಮೀಪದ್ದು. ದೇಹದ ಅಳತೆಗೂ ತರಂಗದ ಅಳತೆಗೂ ಹೀಗೆ ಹೊಂದಿಕೆಯಾದಾಗ ಹೀರಿಕೆ ಗರಿಷ್ಠವಾಗುತ್ತದೆ ಎಂಬ ಕಾರಣದಿಂದಲೇ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು 30ರಿಂದ 400 ಮೆಗಾಹರ್ಟ್ಸ್‌ವರೆಗಿನ ಪಟ್ಟಿಗೆ ಅತ್ಯಂತ ಬಿಗಿಯಾದ ಮಿತಿಯನ್ನು, ಚದರ ಮೀಟರಿಗೆ 2 ವ್ಯಾಟ್ ಎಂದು, ಇಟ್ಟಿವೆ. ಮೊಬೈಲ್ ಸೇವೆ ಬಳಸುವ ತರಂಗಗಳು ಇನ್ನೂ ಕಿರಿದು: 900 ಮೆಗಾಹರ್ಟ್ಸ್‌ನಲ್ಲಿ ಸುಮಾರು 33 ಸೆಂಟಿಮೀಟರ್, 5ಜಿಯ 3.5 ಗಿಗಾಹರ್ಟ್ಸ್‌ನಲ್ಲಿ ಸುಮಾರು 8.5 ಸೆಂಟಿಮೀಟರ್. ಇವು ಇಡೀ ದೇಹಕ್ಕಿಂತ ದೇಹದ ಒಂದು ಭಾಗದಲ್ಲಿ, ಮೇಲ್ಮೈಗೆ ಹತ್ತಿರವಾಗಿ ಹೀರಿಕೆಯಾಗುತ್ತವೆ. 26 ಗಿಗಾಹರ್ಟ್ಸ್‌ಗೆ ಏರಿದರೆ ಚರ್ಮದೊಳಗೆ ಸುಮಾರು ಒಂದು ಮಿಲಿಮೀಟರಿನಷ್ಟು ಆಳದಲ್ಲೇ ಶಕ್ತಿಯ ಬಹುಪಾಲು ಮುಗಿದುಹೋಗುತ್ತದೆ.

ರೇಡಿಯೋ ಪೆಟ್ಟಿಗೆಗೂ ಮೊಬೈಲಿಗೂ ಇರುವ ಮುಖ್ಯ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ರೇಡಿಯೋ ಪೆಟ್ಟಿಗೆ ತರಂಗವನ್ನು ಗ್ರಹಿಸುತ್ತದೆ, ಹೊರಗೆ ಕಳುಹಿಸುವುದಿಲ್ಲ. ಮೊಬೈಲಿನೊಳಗೆ ಗ್ರಾಹಕದ ಜೊತೆಗೆ ಪ್ರೇಷಕವೂ ಇದೆ. ಮಾತನಾಡುವಾಗ, ವಿಡಿಯೋ ಕಳುಹಿಸುವಾಗ, ಕೆಲವೊಮ್ಮೆ ಸುಮ್ಮನೆ ಜೇಬಿನಲ್ಲಿದ್ದಾಗಲೂ ಅದು ಟವರಿಗೆ ತನ್ನ ಇರವನ್ನು ತಿಳಿಸಲು ತರಂಗಗಳನ್ನು ಹೊರಸೂಸುತ್ತದೆ. ಹಾಗಾಗಿ ಆಕಾಶವಾಣಿಯ ಕಾಲದಲ್ಲಿ ಊರಾಚೆಯ ಕಂಬದ ಬಳಿ ಮಾತ್ರ ಇದ್ದ ಪ್ರೇಷಕ ಈಗ ಕಿವಿಯ ಪಕ್ಕಕ್ಕೆ ಬಂದಿದೆ. ಶಕ್ತಿ ಅತ್ಯಲ್ಪವಾದರೂ ಅಂತರವಿಲ್ಲದಿರುವುದೇ ಫೋನಿಗೆ ಪ್ರತ್ಯೇಕ ಮಿತಿ ಬೇಕಾಗಲು ಕಾರಣ.

ಮಿತಿ ಹುಟ್ಟಿದ ಬಗೆ

ವಿಕಿರಣ ಎಂಬ ಪದ ಕೇಳಿದೊಡನೆ ಎಕ್ಸ್‌ರೇ ಮತ್ತು ಅಣುಸ್ಥಾವರಗಳ ನೆನಪಾಗುವುದು ಸಹಜ, ಆದರೆ ಈ ಎರಡು ಬಗೆಯ ವಿಕಿರಣಗಳ ನಡುವೆ ಮೂಲಭೂತವಾದ ಅಂತರವಿದೆ. ಎಕ್ಸ್‌ರೇ ಕಿರಣದ ಒಂದೊಂದು ಕಣಕ್ಕೂ ಪರಮಾಣುವಿನಿಂದ ಇಲೆಕ್ಟ್ರಾನನ್ನು ಕಿತ್ತುಹಾಕುವಷ್ಟು ಶಕ್ತಿಯಿರುವುದರಿಂದ ಅದನ್ನು ಅಯಾನೀಕರಿಸುವ ವಿಕಿರಣವೆನ್ನುತ್ತಾರೆ. ಮೊಬೈಲ್ ತರಂಗದ ಕಣಶಕ್ತಿ ಅದಕ್ಕೆ ಬೇಕಾದುದಕ್ಕಿಂತ ಲಕ್ಷಾಂತರ ಪಟ್ಟು ಕಡಿಮೆಯಾದ್ದರಿಂದ ಅದು ಅಯಾನೀಕರಿಸದ ವಿಕಿರಣ. ಜೀವಕೋಶದ ಮೇಲೆ ಇದು ಮಾಡುವ, ಸಂದೇಹಕ್ಕೆಡೆಯಿಲ್ಲದಂತೆ ಸಾಬೀತಾಗಿರುವ ಪರಿಣಾಮವೆಂದರೆ ಬಿಸಿ ಮಾಡುವುದು. ಮಿತಿಗಳೆಲ್ಲ ಈ ತಳಹದಿಯ ಮೇಲೆ ನಿಂತಿವೆ.

ದೇಹದ ಒಂದು ಕಿಲೋಗ್ರಾಂ ಅಂಗಾಂಶವು ಒಂದು ಸೆಕೆಂಡಿನಲ್ಲಿ ಎಷ್ಟು ರೇಡಿಯೋ ಶಕ್ತಿಯನ್ನು ಹೀರಿಕೊಳ್ಳುತ್ತದೆ ಎಂಬುದರ ಅಳತೆಗೆ ನಿರ್ದಿಷ್ಟ ಹೀರಿಕೆಯ ದರ ಎಂದು ಹೆಸರು. ಫೋನಿನ ಡಬ್ಬಿಯ ಮೇಲೂ ಕೈಪಿಡಿಯಲ್ಲೂ ಎಸ್ಎಆರ್ ಎಂದು ಅಚ್ಚಾಗಿರುವುದು ಇದೇ. ಇದರ ಮಾನ ಕಿಲೋಗ್ರಾಂಗೆ ಇಂತಿಷ್ಟು ವ್ಯಾಟ್. ಇಡೀ ದೇಹದ ಸರಾಸರಿ ದರ ಕಿಲೋಗ್ರಾಂಗೆ 4 ವ್ಯಾಟ್ ಮುಟ್ಟಿದಾಗ ದೇಹದ ಒಳ ಉಷ್ಣತೆ ಸುಮಾರು ಒಂದು ಡಿಗ್ರಿ ಏರಬಹುದು ಮತ್ತು ಪ್ರಯೋಗ ಪ್ರಾಣಿಗಳ ನಡವಳಿಕೆಯಲ್ಲಿ ವ್ಯತ್ಯಾಸ ಕಾಣುತ್ತದೆ ಎಂಬ ಅರಿವಿನಿಂದ ಹೊರಟ ತಜ್ಞರು, ಅಯಾನೀಕರಿಸದ ವಿಕಿರಣಗಳಿಂದ ರಕ್ಷಣೆ ಕುರಿತ ಅಂತಾರಾಷ್ಟ್ರೀಯ ಆಯೋಗದ 1998ರ ಮಾರ್ಗಸೂಚಿಯಲ್ಲಿ, ಈ ತರಂಗಗಳ ನಡುವೆ ವೃತ್ತಿಯಾಗಿ ದುಡಿಯುವವರಿಗೆ ಅದರ ಹತ್ತನೇ ಒಂದು ಭಾಗವನ್ನು, ಸಾರ್ವಜನಿಕರಿಗೆ ಐವತ್ತನೇ ಒಂದು ಭಾಗವನ್ನು, ಅಂದರೆ ಕಿಲೋಗ್ರಾಂಗೆ 0.08 ವ್ಯಾಟನ್ನು, ಮಿತಿಯಾಗಿ ನಿಗದಿ ಮಾಡಿದರು. ಸಾರ್ವಜನಿಕರಲ್ಲಿ ಶಿಶುಗಳು, ಗರ್ಭಿಣಿಯರು, ರೋಗಿಗಳು, ವೃದ್ಧರು ಸೇರಿರುತ್ತಾರೆ ಮತ್ತು ತಮಗೆ ತರಂಗ ತಾಗುತ್ತಿದೆ ಎಂಬ ಅರಿವೂ ಅವರಿಗಿರುವುದಿಲ್ಲ ಎಂಬುದೇ ಆ ಐದು ಪಟ್ಟು ಹೆಚ್ಚಿನ ಎಚ್ಚರಿಕೆಗೆ ಕಾರಣ. ಆಯೋಗ 2020ರಲ್ಲಿ ಮಾರ್ಗಸೂಚಿಯನ್ನು ಪರಿಷ್ಕರಿಸಿದಾಗಲೂ ಈ ಮೂಲ ಅಂಕಿಗಳು ಉಳಿದವು. 6 ಗಿಗಾಹರ್ಟ್ಸ್‌ಗಿಂತ ಮೇಲಿನ ತರಂಗಗಳಿಗೆ ಚರ್ಮದ ಮೇಲ್ಮೈಯನ್ನು ಲೆಕ್ಕಕ್ಕೆ ಹಿಡಿಯುವ ಹೊಸ ಅಳತೆಗಳು ಸೇರಿದವು.

ಫೋನು ಇಡೀ ದೇಹಕ್ಕೆ ತರಂಗ ಬೀರದೆ ತಲೆಯ ಒಂದು ಬದಿಗೆ ಬೀರುವುದರಿಂದ ಅದಕ್ಕೆ ಸ್ಥಳೀಯ ಮಿತಿ ಬೇಕು. ಯುರೋಪ್ ಅನುಸರಿಸುವ ಅಂತಾರಾಷ್ಟ್ರೀಯ ಆಯೋಗದ ಮಿತಿ 10 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗ್ರಾಂಗೆ 2 ವ್ಯಾಟ್. ಅಮೆರಿಕ 1996ರಿಂದ ಅನುಸರಿಸುತ್ತಿರುವುದು 1 ಗ್ರಾಂ ಸರಾಸರಿಯಲ್ಲಿ 1.6 ವ್ಯಾಟ್. ಮೇಲ್ನೋಟಕ್ಕೆ ಇವೆರಡರ ಅಂತರ ಅಲ್ಪವೆನಿಸಿದರೂ, ಹೀರಿಕೆ ಕೆಲವೇ ಬಿಂದುಗಳಲ್ಲಿ ದಟ್ಟವಾಗಿರುವಾಗ ಸಣ್ಣ ತುಣುಕಿನ ಸರಾಸರಿ ದೊಡ್ಡ ತುಣುಕಿನ ಸರಾಸರಿಗಿಂತ ಹೆಚ್ಚಿರುವುದರಿಂದ, ಒಂದು ಗ್ರಾಂ ಲೆಕ್ಕದ ಮಿತಿ ಅಂಕಿ ಹೇಳುವುದಕ್ಕಿಂತ ಬಿಗಿಯಾದದ್ದು. ಭಾರತ ಮೊದಲು 10 ಗ್ರಾಂ ಲೆಕ್ಕವನ್ನು ಒಪ್ಪಿತ್ತು. ಕೇಂದ್ರ ಸರ್ಕಾರ 2010ರಲ್ಲಿ ರಚಿಸಿದ ಅಂತರ ಸಚಿವಾಲಯ ಸಮಿತಿ, ಅದರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಪರಿಸರ ಸಚಿವಾಲಯದ ಪ್ರತಿನಿಧಿಗಳೂ ಇದ್ದರು, 2011ರ ಜನವರಿಯಲ್ಲಿ ವರದಿ ನೀಡಿ ಫೋನು, ಟವರು ಎರಡರ ಮಿತಿಗಳನ್ನೂ ಬಿಗಿಗೊಳಿಸಲು ಶಿಫಾರಸು ಮಾಡಿತು. ಅದರಂತೆ 2012ರ ಸೆಪ್ಟೆಂಬರ್ 1ರಿಂದ ಫೋನುಗಳಿಗೆ 1 ಗ್ರಾಂ ಸರಾಸರಿಯಲ್ಲಿ ಕಿಲೋಗ್ರಾಂಗೆ 1.6 ವ್ಯಾಟ್ ಎಂಬ ಮಿತಿ ಜಾರಿಗೆ ಬಂತು ಮತ್ತು ಹಳೆಯ ಮಾದರಿಗಳಿಗೆ ಕೊಟ್ಟಿದ್ದ ಒಂದು ವರ್ಷದ ಅವಧಿ 2013ರ ಸೆಪ್ಟೆಂಬರಿಗೆ ಮುಗಿಯಿತು.

ಈ ಅಂಕಿಯ ಗಾತ್ರವೆಷ್ಟು ಎಂಬುದು ಒಂದು ಸರಳ ಲೆಕ್ಕದಿಂದ ತಿಳಿಯುತ್ತದೆ. ಅಂಗಾಂಶದ ಉಷ್ಣಧಾರಕತೆಯನ್ನು ಗಣನೆಗೆ ತೆಗೆದುಕೊಂಡರೆ, ಕಿಲೋಗ್ರಾಂಗೆ 1.6 ವ್ಯಾಟಿನಂತೆ ಆರು ನಿಮಿಷ ನಿರಂತರವಾಗಿ ಹೀರಿಕೆಯಾಗಿ, ರಕ್ತ ಸಂಚಾರ ಆ ಬಿಸಿಯನ್ನು ಸ್ವಲ್ಪವೂ ಸಾಗಿಸಲಿಲ್ಲವೆಂದು ಭಾವಿಸಿದರೂ, ಆ ಭಾಗದ ಉಷ್ಣತೆ ಏರುವುದು ಸುಮಾರು 0.16 ಡಿಗ್ರಿ ಸೆಲ್ಸಿಯಸ್. ಸುದೀರ್ಘ ಕರೆಯ ನಂತರ ಕಿವಿ ಬಿಸಿಯಾಗುವುದನ್ನು ತರಂಗದ ಪರಿಣಾಮವೆಂದು ಬಹಳ ಮಂದಿ ನಂಬುತ್ತಾರೆ. ಅದು ಬಹುಮಟ್ಟಿಗೆ ಬ್ಯಾಟರಿ ಮತ್ತು ವಿದ್ಯುತ್ ಮಂಡಲಗಳ ಶಾಖ, ಜೊತೆಗೆ ಕಿವಿಗೆ ಒತ್ತಿ ಹಿಡಿದ ಗಾಜಿನ ಫಲಕ ಗಾಳಿಯನ್ನು ತಡೆದುದರ ಫಲ.

ಡಬ್ಬಿಯ ಮೇಲಿನ ಅಂಕಿ ಹೇಳುವುದು, ಹೇಳದಿರುವುದು

ಎಸ್ಎಆರ್ ಪರೀಕ್ಷೆ ನಡೆಯುವುದು ಜೀವಂತ ಮನುಷ್ಯನ ಮೇಲಲ್ಲ. ಮನುಷ್ಯನ ತಲೆಯ ಆಕಾರದ ಪ್ಲಾಸ್ಟಿಕ್ ಚಿಪ್ಪಿನಲ್ಲಿ, ಅಂಗಾಂಶದ ವಿದ್ಯುತ್ ಗುಣಗಳನ್ನು ಹೋಲುವ ದ್ರವವನ್ನು ತುಂಬಿ, ಫೋನನ್ನು ಅದರ ಕೆನ್ನೆಗೆ ಒತ್ತಿಟ್ಟು, ಗರಿಷ್ಠ ಶಕ್ತಿಯಲ್ಲಿ ಪ್ರಸಾರ ಮಾಡಿಸಿ, ಯಂತ್ರದ ತೋಳಿಗೆ ಕಟ್ಟಿದ ಸೂಕ್ಷ್ಮ ಶೋಧಕವನ್ನು ದ್ರವದೊಳಗೆ ಬಿಂದುಬಿಂದುವಿಗೂ ಸರಿಸುತ್ತ ಅಳೆಯುತ್ತಾರೆ. ಪ್ರತಿ ಕಂಪನಾಂಕದಲ್ಲಿ, ಎಡಬಲ ಎರಡೂ ಬದಿಯಲ್ಲಿ ಹೀಗೆ ಅಳೆದು ದೊರೆತವುಗಳಲ್ಲಿ ಅತಿ ಹೆಚ್ಚಿನದನ್ನು ಆ ಮಾದರಿಯ ಅಂಕಿಯೆಂದು ಘೋಷಿಸುತ್ತಾರೆ. ಆದ್ದರಿಂದ ಅದು ದಿನನಿತ್ಯದ ಬಳಕೆಯ ಚಿತ್ರವಲ್ಲ, ಅತ್ಯಂತ ಪ್ರತಿಕೂಲ ಸ್ಥಿತಿಯ ಚಿತ್ರ. ಕಿಲೋಗ್ರಾಂಗೆ 0.9 ವ್ಯಾಟಿನ ಫೋನು 1.2 ವ್ಯಾಟಿನ ಫೋನಿಗಿಂತ ಪ್ರತಿದಿನವೂ ಕಡಿಮೆ ತರಂಗ ಬೀರುತ್ತದೆ ಎಂದು ಅದರಿಂದ ತೀರ್ಮಾನಿಸಲಾಗದು. ಆಂಟೆನಾ ಉತ್ತಮವಾಗಿರುವ ಎರಡನೆಯ ಫೋನು ಸಾಮಾನ್ಯ ಬಳಕೆಯಲ್ಲಿ ಕಡಿಮೆ ಶಕ್ತಿಯಲ್ಲೇ ಕೆಲಸ ಮುಗಿಸಬಹುದು. ಅಂಗಡಿಯಲ್ಲಿ ಎರಡು ಮಾದರಿಗಳ ಅಂಕಿಗಳನ್ನು ಹೋಲಿಸುತ್ತ ನಿಲ್ಲುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಂಕಿ 1.6ರೊಳಗೆ ಇದೆಯೇ ಎಂಬುದಷ್ಟೇ ಅಲ್ಲಿ ಕೇಳಬೇಕಾದ ಪ್ರಶ್ನೆ.

ಪರೀಕ್ಷೆಯ ಇನ್ನೊಂದು ವಿವರ ಬಳಕೆದಾರನಿಗೆ ನೇರವಾಗಿ ಸಂಬಂಧಿಸಿದ್ದು. ದೇಹಕ್ಕೆ ತಾಗಿಸಿ ಇಟ್ಟುಕೊಳ್ಳುವ ಸ್ಥಿತಿಯನ್ನು ಅಳೆಯುವಾಗ ತಯಾರಕರು ಫೋನನ್ನು ದೇಹದ ಮಾದರಿಯಿಂದ ಸಾಮಾನ್ಯವಾಗಿ ಐದರಿಂದ ಹದಿನೈದು ಮಿಲಿಮೀಟರ್ ದೂರದಲ್ಲಿಟ್ಟು ಅಳೆದಿರುತ್ತಾರೆ ಮತ್ತು ಆ ಅಂತರವನ್ನು ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ನಮೂದಿಸಿರುತ್ತಾರೆ. ಅಂಗಿಯ ಎದೆಜೇಬಿನಲ್ಲಿ, ಸೊಂಟದ ಮಡಿಲಿನಲ್ಲಿ, ರವಿಕೆಯೊಳಗೆ ಚರ್ಮಕ್ಕೆ ಅಂಟಿಕೊಂಡಂತೆ ಫೋನಿಟ್ಟು ಇಂಟರ್‌ನೆಟ್ ಹಂಚಿಕೆ ನಡೆಸುವಾಗ ಆ ಅಂತರ ಇರುವುದಿಲ್ಲ. ಈ ಸಂಗತಿ ಇನ್ನೂ ದೊಡ್ಡ ಅಕ್ಷರದಲ್ಲಿ ಅಚ್ಚಾಗಬೇಕಿತ್ತು. ನಿಯಂತ್ರಣ ಸಂಸ್ಥೆ ಎಚ್ಚರವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸ್ ಉದಾಹರಣೆ ಒದಗಿಸಿದೆ: 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ತರಂಗ ನಿಯಂತ್ರಣ ಸಂಸ್ಥೆಯು ಐಫೋನ್ 12 ಮಾದರಿಯನ್ನು ಕೈಯಲ್ಲಿ ಹಿಡಿದ ಅಥವಾ ಜೇಬಿನಲ್ಲಿಟ್ಟ ಸ್ಥಿತಿಯಲ್ಲಿ ಅಳೆದು, ಕೈಕಾಲುಗಳಿಗೆ ಇರುವ ಕಿಲೋಗ್ರಾಂಗೆ 4 ವ್ಯಾಟಿನ ಮಿತಿಯೆದುರು 5.74 ವ್ಯಾಟ್ ಕಂಡುಬಂದದ್ದರಿಂದ ಮಾರಾಟ ನಿಲ್ಲಿಸಿತು. ತಯಾರಕ ಸಂಸ್ಥೆ ಅಳತೆಯ ವಿಧಾನವನ್ನು ಪ್ರಶ್ನಿಸಿದರೂ ಆ ದೇಶಕ್ಕಾಗಿ ತಂತ್ರಾಂಶವನ್ನು ತಿದ್ದಿ ಬಿಡುಗಡೆ ಮಾಡಿತು.

ಭಾರತದಲ್ಲಿ ಮಾರಾಟವಾಗುವ ಬಹುತೇಕ ಫೋನುಗಳಲ್ಲಿ ಕರೆ ಮಾಡುವ ಪರದೆಯಲ್ಲಿ *#07# ಒತ್ತಿದರೆ ಎಸ್ಎಆರ್ ಅಂಕಿ ಕಾಣಿಸುತ್ತದೆ. ಸೆಕೆಂಡ್ ಹ್ಯಾಂಡ್ ಫೋನು, ಬಿಲ್ ಇಲ್ಲದ ಫೋನು ಕೊಳ್ಳುವವರು ಇದಕ್ಕೂ ಮೊದಲು *#06# ಒತ್ತಿ 15 ಅಂಕಿಯ ಐಎಂಇಐ ಸಂಖ್ಯೆಯನ್ನು ನೋಡಿ, ಇಂಗ್ಲಿಷಿನಲ್ಲಿ ಕೆವೈಎಂ ಎಂಬ ಮೂರಕ್ಷರ ಬರೆದು, ಒಂದು ಜಾಗ ಬಿಟ್ಟು ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳುಹಿಸಬೇಕು. ಸಂಖ್ಯೆ ನಕಲಿಯೆಂದು ಉತ್ತರ ಬಂದರೆ ಆ ಫೋನಿನ ಪರದೆ ತೋರಿಸುವ ಎಸ್ಎಆರ್ ಅಂಕಿಯನ್ನೂ ನಂಬುವಂತಿಲ್ಲ, ಏಕೆಂದರೆ ಅಂಥ ಉಪಕರಣ ಯಾವ ಪ್ರಯೋಗಾಲಯದ ಮುಂದೆಯೂ ಹೋಗಿರುವುದಿಲ್ಲ.

ಸಂಕೇತ ದುರ್ಬಲವಾದಾಗ

ಫೋನಿನ ಪ್ರಸರಣ ಶಕ್ತಿ ಸ್ಥಿರವಲ್ಲ. 2ಜಿ ಫೋನಿನ ಶಿಖರ ಶಕ್ತಿ 900 ಮೆಗಾಹರ್ಟ್ಸ್‌ನಲ್ಲಿ 2 ವ್ಯಾಟ್, ಆದರೆ ಅದು ಎಂಟರಲ್ಲಿ ಒಂದು ಕಾಲಖಂಡದಲ್ಲಿ ಮಾತ್ರ ಪ್ರಸಾರ ಮಾಡುವುದರಿಂದ ಸರಾಸರಿ ಕಾಲು ವ್ಯಾಟ್. 4ಜಿ ಫೋನಿನ ಗರಿಷ್ಠ ಸುಮಾರು 0.2 ವ್ಯಾಟ್. ಟವರು ಪ್ರತಿಕ್ಷಣವೂ ಫೋನಿಗೆ ಶಕ್ತಿಯನ್ನು ಏರಿಸು, ಇಳಿಸು ಎಂಬ ಆದೇಶ ಕೊಡುತ್ತಿರುತ್ತದೆ ಮತ್ತು ಸಂಕೇತ ಬಲವಾಗಿರುವಲ್ಲಿ ಫೋನು ಗರಿಷ್ಠದ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಶಕ್ತಿಯಲ್ಲಿ ಮಾತುಕತೆ ನಡೆಸಬಲ್ಲದು. ಟವರ್ ದೂರವಿದ್ದಷ್ಟೂ, ನಡುವೆ ಅಡೆತಡೆ ಹೆಚ್ಚಿದ್ದಷ್ಟೂ ಫೋನು ಗರಿಷ್ಠ ಶಕ್ತಿಯತ್ತ ಏರುತ್ತದೆ. ಟವರನ್ನು ಊರಿನಿಂದ ದೂರ ಓಡಿಸಿದರೆ ತರಂಗದ ಪ್ರಭಾವ ಕಡಿಮೆಯಾಗುತ್ತದೆ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ: ದೂರದ ಟವರಿನಿಂದ ಬರುವ ಅತ್ಯಲ್ಪ ಪ್ರಮಾಣ ಇನ್ನಷ್ಟು ಕಡಿಮೆಯಾಗಬಹುದು, ಆದರೆ ಕಿವಿಗೆ ಹಿಡಿದ ಫೋನಿನಿಂದ ಬರುವುದು ಹಲವು ಪಟ್ಟು ಹೆಚ್ಚುತ್ತದೆ.

ಮಲೆನಾಡಿನ ಭೂಗುಣಕ್ಕೆ ಈ ತತ್ವ ವಿಶೇಷವಾಗಿ ಅನ್ವಯಿಸುತ್ತದೆ. ಗುಡ್ಡದ ಮರೆಯಲ್ಲಿರುವ ಮನೆ, ದಪ್ಪ ಗೋಡೆಯ ನಡುಮನೆ, ಲೋಹದ ಶೀಟು ಹೊದಿಸಿದ ಮಾಡು, ಮಳೆಗಾಲದಲ್ಲಿ ನೀರು ತೊಟ್ಟಿಕ್ಕುವ ದಟ್ಟ ಅಡಿಕೆ ತೋಟ, ಇವೆಲ್ಲವೂ ತರಂಗವನ್ನು ಕುಂದಿಸುತ್ತವೆ. ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಸುಮಾರು 20 ಕಿಲೋಮೀಟರ್ ಹಾದಿಯಲ್ಲಿ ನಿತ್ಯ ಓಡಾಡುವ ನೌಕರರು, ವಿದ್ಯಾರ್ಥಿಗಳು ಬಸ್ಸಿನ ಅಥವಾ ರೈಲಿನ ಲೋಹದ ಕವಚದೊಳಗೆ ಕುಳಿತು ಒಂದು ಟವರಿನಿಂದ ಇನ್ನೊಂದಕ್ಕೆ ಸಾಗುತ್ತಿರುವಾಗಲೂ ಫೋನು ಹೆಚ್ಚು ಶಕ್ತಿ ಬಳಸುತ್ತದೆ. ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಫೋನಿನ ಮಾಹಿತಿ ಎಂಬ ವಿಭಾಗದ ಸಿಮ್ ಸ್ಥಿತಿ ತೆರೆದರೆ ಸಂಕೇತದ ಬಲವು ಡಿಬಿಎಂ ಎಂಬ ಮಾನದಲ್ಲಿ ಋಣ ಸಂಖ್ಯೆಯಾಗಿ ಕಾಣಿಸುತ್ತದೆ; 4ಜಿಯಲ್ಲಿ ಅದು ಮೈನಸ್ 80ರ ಆಸುಪಾಸಿನಲ್ಲಿದ್ದರೆ ಸಂಕೇತ ಉತ್ತಮ, ಮೈನಸ್ 110ಕ್ಕಿಂತ ಕೆಳಗಿಳಿದರೆ ದುರ್ಬಲ. ಮನೆಯ ಯಾವ ಮೂಲೆಯಲ್ಲಿ ಯಾವ ಅಂಕಿ ಎಂಬುದನ್ನು ಒಮ್ಮೆ ನೋಡಿಕೊಂಡು, ದೀರ್ಘ ಕರೆಗಳನ್ನು ಕಿಟಕಿಯ ಬಳಿಗೆ ಅಥವಾ ಜಗುಲಿಗೆ ಸ್ಥಳಾಂತರಿಸಿದರೆ ಹಣ ಖರ್ಚಿಲ್ಲದೆ ದೊಡ್ಡ ಪ್ರಮಾಣದ ಇಳಿಕೆ ಸಾಧ್ಯ.

ಅಂತರದ ಲಾಭ ಇನ್ನೂ ದೊಡ್ಡದು. ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟರೆ, ವೈರ್ ಇರುವ ಇಯರ್‌ಫೋನ್ ಬಳಸಿದರೆ, ತಲೆಯ ಹೀರಿಕೆ ಗಣನೀಯವಾಗಿ ಕುಸಿಯುತ್ತದೆ. ಬ್ಲೂಟೂತ್ ಇಯರ್‌ಫೋನೂ ತರಂಗ ಬೀರುತ್ತದೆ, ಆದರೆ ಅವುಗಳಲ್ಲಿ ಸಾಮಾನ್ಯವಾಗಿರುವ ಎರಡನೇ ದರ್ಜೆಯ ಉಪಕರಣದ ಶಕ್ತಿ 2.5 ಮಿಲಿವ್ಯಾಟ್, 4ಜಿ ಫೋನಿನ ಗರಿಷ್ಠದ ಎಂಬತ್ತನೇ ಒಂದು ಭಾಗ. ಕರೆ ಹೋಗುತ್ತಿರುವಾಗ ಸಂಪರ್ಕ ಸಾಧಿಸಲು ಫೋನು ಹೆಚ್ಚು ಶಕ್ತಿ ಬಳಸುವುದರಿಂದ, ಆ ಕಡೆಯವರು ಎತ್ತಿದ ಮೇಲೆ ಕಿವಿಗೆ ತರುವುದು ಒಳ್ಳೆಯ ರೂಢಿ. ರಾತ್ರಿ ದಿಂಬಿನಡಿ ಫೋನಿಡುವವರು ಒಂದು ಗಜ ದೂರದ ಮೇಜಿನ ಮೇಲಿಟ್ಟರೆ ಸಾಕು. ವೈಫೈ ಮತ್ತು ಬ್ಲೂಟೂತ್ ಎರಡನ್ನೂ ಆಫ್ ಮಾಡಿ ಏರೋಪ್ಲೇನ್ ಮೋಡ್ ಹಾಕಿದಾಗ ಫೋನಿನ ಪ್ರೇಷಕಗಳು ಪೂರ್ತಿ ಮೌನವಾಗುತ್ತವೆ. ಶಿವಮೊಗ್ಗದ ಸೋಗಾನೆ ನಿಲ್ದಾಣದಲ್ಲಿ ವಿಮಾನ ಹತ್ತುವವರಿಗಷ್ಟೇ ಮೀಸಲಾದ ಸೌಕರ್ಯ ಅದಲ್ಲ, ಮಗುವಿನ ಕೈಗೆ ಮೊದಲೇ ಇಳಿಸಿಟ್ಟ ಹಾಡು, ಕಥೆ ಕೊಡುವಾಗಲೂ ಅದೇ ಸರಿಯಾದ ಸ್ಥಿತಿ. ಮಕ್ಕಳ ತಲೆಬುರುಡೆ ತೆಳು, ಅಂಗಾಂಶದಲ್ಲಿ ನೀರಿನಂಶ ಹೆಚ್ಚು, ಮುಂದಿರುವ ಬಳಕೆಯ ವರ್ಷಗಳೂ ಹೆಚ್ಚು. ಪರೀಕ್ಷೆಯ ತಲೆಯಾದರೋ ದೊಡ್ಡ ಗಾತ್ರದ ವಯಸ್ಕ ಪುರುಷನ ಅಳತೆಯದು. ಮಕ್ಕಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕೆಂಬ ವಾದಕ್ಕೆ ಈ ಕಾರಣಗಳೇ ಸಾಕು.

ಎದೆಯಲ್ಲಿ ಪೇಸ್‌ಮೇಕರ್ ಅಥವಾ ಅಂಥದೇ ವಿದ್ಯುನ್ಮಾನ ಸಾಧನ ಅಳವಡಿಸಿಕೊಂಡವರದು ಬೇರೆಯೇ ಪ್ರಶ್ನೆ. ಇಲ್ಲಿ ತೊಡಕು ಅಂಗಾಂಶ ಬಿಸಿಯಾಗುವುದರದ್ದಲ್ಲ, ಸಾಧನದ ಕೆಲಸಕ್ಕೆ ಅಡಚಣೆಯಾಗುವ ಸಾಧ್ಯತೆಯದ್ದು. ದೂರಸಂಪರ್ಕ ಇಲಾಖೆಯ ಸಲಹೆ ಫೋನನ್ನು ಆ ಸಾಧನದಿಂದ 30 ಸೆಂಟಿಮೀಟರ್ ದೂರವಿಡಬೇಕೆಂದು ಹೇಳುತ್ತದೆ. ಎದೆಜೇಬು ಅವರಿಗೆ ನಿಷಿದ್ಧ, ಕರೆಗೆ ಸಾಧನವಿರುವ ಬದಿಯ ಎದುರು ಕಿವಿ. ಇನ್ನು ತರಂಗವನ್ನು ತಡೆಯುತ್ತೇವೆಂದು ಮಾರಾಟವಾಗುವ ಚಿಪ್, ಸ್ಟಿಕ್ಕರುಗಳ ಬಗ್ಗೆ ಒಂದೇ ಮಾತು ಸಾಕು: ಅವು ನಿಜಕ್ಕೂ ತರಂಗವನ್ನು ತಡೆದರೆ ಫೋನು ಶಕ್ತಿಯನ್ನು ಏರಿಸುತ್ತದೆ, ತಡೆಯದಿದ್ದರೆ ಕೊಟ್ಟ ಹಣ ವ್ಯರ್ಥ.

ಟವರಿನ ಲೆಕ್ಕ

ಟವರಿನ ತರಂಗವನ್ನು ಅಂಗಾಂಶದ ಹೀರಿಕೆಯಿಂದ ಅಳೆಯದೆ, ಒಂದು ಚದರ ಮೀಟರ್ ಜಾಗದ ಮೂಲಕ ಹಾದುಹೋಗುವ ಶಕ್ತಿಯಿಂದ ಅಳೆಯುತ್ತಾರೆ. ಇದಕ್ಕೆ ಶಕ್ತಿ ಸಾಂದ್ರತೆ ಎಂದು ಹೆಸರು. ಅಂತಾರಾಷ್ಟ್ರೀಯ ಆಯೋಗದ ಮಿತಿ 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 4.5 ವ್ಯಾಟ್, 1800ರಲ್ಲಿ 9 ವ್ಯಾಟ್, 2000ಕ್ಕಿಂತ ಮೇಲೆ 10 ವ್ಯಾಟ್. ಭಾರತ 2012ರ ಸೆಪ್ಟೆಂಬರ್ 1ರಿಂದ ಇವುಗಳನ್ನು ಹತ್ತನೇ ಒಂದಕ್ಕೆ ಇಳಿಸಿ ಕ್ರಮವಾಗಿ 0.45, 0.9 ಮತ್ತು 1 ವ್ಯಾಟ್ ಎಂದು ನಿಗದಿ ಮಾಡಿತು. ಟವರಿನ ಮಿತಿಯನ್ನು ಹತ್ತು ಪಟ್ಟು ಬಿಗಿಗೊಳಿಸಿದ ಆ ಕ್ರಮದಲ್ಲಿ ಫೋನಿನ ಮಿತಿ ಅಮೆರಿಕದ ಮಟ್ಟಕ್ಕೆ ಬಂದು ನಿಂತದ್ದು ಗಮನಾರ್ಹ. ಜನರ ಆತಂಕ ಯಾವ ಕಡೆಗಿತ್ತೋ ಬಿಗಿಯೂ ಆ ಕಡೆಗೇ ಹೆಚ್ಚು ವಾಲಿತು ಎಂದು ಹೇಳಬೇಕಾಗುತ್ತದೆ.

ಒಂದು ಲೆಕ್ಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪ್ರೇಷಕದ ಶಕ್ತಿ 20 ವ್ಯಾಟ್ ಇದ್ದು, ಆಂಟೆನಾ ಅದನ್ನು ಒಂದೇ ದಿಕ್ಕಿಗೆ ಐವತ್ತು ಪಟ್ಟು ಕೇಂದ್ರೀಕರಿಸಿದರೆ ಆ ದಿಕ್ಕಿನಲ್ಲಿ ಅದರ ಪರಿಣಾಮ 1000 ವ್ಯಾಟಿಗೆ ಸಮ. ನೇರ ಎದುರಿನಲ್ಲಿ 20 ಮೀಟರ್ ದೂರದಲ್ಲಿ ಶಕ್ತಿ ಸಾಂದ್ರತೆ ಸುಮಾರು 0.2 ವ್ಯಾಟ್, 50 ಮೀಟರಿನಲ್ಲಿ ಸುಮಾರು 0.03, ನೂರರಲ್ಲಿ 0.008, ದೂರ ಇಮ್ಮಡಿಯಾದರೆ ಸಾಂದ್ರತೆ ಕಾಲು ಭಾಗಕ್ಕಿಳಿಯುತ್ತದೆ. ಇಷ್ಟಾದರೂ ಇದು ಆಂಟೆನಾದ ಎತ್ತರದಲ್ಲೇ, ಅದರ ಮುಖದ ಎದುರೇ ನಿಂತವರ ಲೆಕ್ಕ. ಆಂಟೆನಾದ ತರಂಗಪುಂಜ ಬಹುಮಟ್ಟಿಗೆ ಅಡ್ಡಲಾಗಿ, ತುಸುವೇ ಕೆಳಕ್ಕೆ ಬಾಗಿ ಹರಡುವುದರಿಂದ ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ; ಟವರ್ ಇರುವ ಕಟ್ಟಡದ ಕೆಳಗಿನ ಮಹಡಿಗಿಂತ ಎದುರು ಸಾಲಿನ, ಅದೇ ಎತ್ತರದ ಮಹಡಿಯಲ್ಲಿ ಪ್ರಮಾಣ ಹೆಚ್ಚು. ಇದೇ ಕಾರಣಕ್ಕೆ ದೂರಸಂಪರ್ಕ ಇಲಾಖೆಯ 2013ರ ಮಾರ್ಗಸೂಚಿ ಆಂಟೆನಾದ ಮುಂಭಾಗದಲ್ಲಿ ಅದೇ ಎತ್ತರದ ಕಟ್ಟಡ ಇರಬಾರದ ಅಂತರವನ್ನು ಒಂದು ಆಂಟೆನಾಕ್ಕೆ 20 ಮೀಟರ್, ಎರಡಕ್ಕೆ 35, ಆರಕ್ಕೆ 55 ಎಂದು ಹೇಳಿತು. ಒಂದೇ ಕಂಬದಲ್ಲಿ ಹಲವು ಕಂಪನಿಗಳ ಆಂಟೆನಾಗಳಿದ್ದರೆ ಪ್ರತಿಯೊಂದರ ಪ್ರಮಾಣವನ್ನು ಅದರದರ ಮಿತಿಯಿಂದ ಭಾಗಿಸಿ, ಬಂದ ಭಿನ್ನರಾಶಿಗಳನ್ನು ಕೂಡಿಸುತ್ತಾರೆ; ಮೊತ್ತ ಒಂದನ್ನು ಮೀರಬಾರದು. ಹಾಗಾಗಿ ಎಲ್ಲರೂ ತಂತಮ್ಮ ಮಿತಿಯೊಳಗಿದ್ದೂ ಒಟ್ಟು ಮೀರುವ ಸಾಧ್ಯತೆಯನ್ನು ನಿಯಮ ಲೆಕ್ಕಕ್ಕೆ ಹಿಡಿದಿದೆ.

ಕ್ಯಾನ್ಸರಿನ ಪ್ರಶ್ನೆಯನ್ನು ಬದಿಗೆ ಸರಿಸುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರ ಮೇ 31ರಂದು ರೇಡಿಯೋ ತರಂಗಗಳನ್ನು 2ಬಿ ಗುಂಪಿಗೆ, ಅಂದರೆ ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದ, ಆದರೆ ಆಧಾರ ಸೀಮಿತವಾಗಿರುವ ಗುಂಪಿಗೆ, ಸೇರಿಸಿತು. ಅದರ ಹಿನ್ನೆಲೆಯಲ್ಲಿದ್ದ ಪ್ರಮುಖ ಸಾಕ್ಷ್ಯ 13 ದೇಶಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಇಂಟರ್‌ಫೋನ್ ಅಧ್ಯಯನ. ಅದು ಒಟ್ಟಾರೆ ಬಳಕೆದಾರರಲ್ಲಿ ಮೆದುಳು ಗಡ್ಡೆಯ ಹೆಚ್ಚಳ ಕಾಣಲಿಲ್ಲ. ಒಟ್ಟು ಬಳಕೆ 1640 ಗಂಟೆ ಮೀರಿದ ಅತಿ ಹೆಚ್ಚಿನ ಬಳಕೆದಾರರ ಗುಂಪಿನಲ್ಲಿ ಮಾತ್ರ ಗ್ಲಯೋಮಾ ಎಂಬ ಗಡ್ಡೆಯ ಪ್ರಮಾಣ ಶೇ 40ರಷ್ಟು ಹೆಚ್ಚು ಕಂಡರೂ, ರೋಗಿಗಳ ನೆನಪನ್ನು ಆಧರಿಸಿದ ಲೆಕ್ಕದ ದೋಷಗಳಿಂದಾಗಿ ಅದನ್ನು ಕಾರಣವೆನ್ನಲಾಗದು ಎಂದು ಅಧ್ಯಯನಕಾರರೇ ಹೇಳಿದರು. ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ 2018ರಲ್ಲಿ ಗಂಡು ಇಲಿಗಳ ಹೃದಯದಲ್ಲಿ ಗಡ್ಡೆ ಕಂಡದ್ದನ್ನು ವರದಿ ಮಾಡಿತು, ಆದರೆ ಆ ಇಲಿಗಳ ಇಡೀ ದೇಹಕ್ಕೆ ದಿನಕ್ಕೆ ಸುಮಾರು ಒಂಬತ್ತು ಗಂಟೆ ಕಿಲೋಗ್ರಾಂಗೆ 1.5ರಿಂದ 6 ವ್ಯಾಟ್ ಕೊಡಲಾಗಿತ್ತು. ಸಾರ್ವಜನಿಕರ ಇಡೀ ದೇಹದ ಮಿತಿ 0.08 ಎಂಬುದನ್ನು ಇದರೊಂದಿಗೆ ಇಟ್ಟು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ 63 ಅಧ್ಯಯನಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಸಮೀಕ್ಷೆ ಫೋನ್ ಬಳಕೆಗೂ ಮೆದುಳು ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಭಯಕ್ಕೆ ಆಧಾರ ಕಡಿಮೆಯಾಗುತ್ತ ಬಂದಿದೆ. ಆದರೆ ಖರ್ಚಿಲ್ಲದ ಎಚ್ಚರಿಕೆಗಳನ್ನು ಕೈಬಿಡಲು ಅದು ಕಾರಣವಲ್ಲ.

ಮನೆಯ ಸಮೀಪದ ಟವರಿನ ಬಗ್ಗೆ ಅನುಮಾನವಿದ್ದವರಿಗೆ ಊಹೆಯ ಬದಲು ಅಳತೆಯ ದಾರಿ ತೆರೆದಿದೆ. ದೂರಸಂಪರ್ಕ ಇಲಾಖೆ 2017ರ ಮೇ ತಿಂಗಳಲ್ಲಿ ಆರಂಭಿಸಿದ ತರಂಗ್ ಸಂಚಾರ್ ಎಂಬ ಜಾಲತಾಣದಲ್ಲಿ ನಕ್ಷೆಯ ಮೇಲೆ ತಮ್ಮ ಬೀದಿಯನ್ನು ಹುಡುಕಿ, ಅಲ್ಲಿನ ಟವರನ್ನು ಆರಿಸಿದರೆ, ಅದು ಮಿತಿಗೆ ಬದ್ಧವಾಗಿದೆಯೇ ಎಂಬ ವಿವರ ದೊರೆಯುತ್ತದೆ. ಅದರಿಂದ ಸಮಾಧಾನವಾಗದಿದ್ದರೆ ಅಲ್ಲಿಯೇ 4000 ರೂಪಾಯಿ ಶುಲ್ಕ ಕಟ್ಟಿ ಅಳತೆಗೆ ಕೋರಿಕೆ ಸಲ್ಲಿಸಬಹುದು. ಬಡಾವಣೆಯ ಹತ್ತಾರು ಮನೆಗಳು ಸೇರಿ ಹಂಚಿಕೊಂಡರೆ ಅದು ಭಾರವಾಗದ ಮೊತ್ತ. ಕಂಪನಿಗಳು ಪ್ರಸರಣ ಆರಂಭಿಸುವ ಮುನ್ನ ಸ್ವಯಂ ಪ್ರಮಾಣಪತ್ರ ಸಲ್ಲಿಸಬೇಕು, ಇಲಾಖೆಯ ಕ್ಷೇತ್ರ ಘಟಕಗಳು ಪ್ರತಿವರ್ಷ ಶೇ 10ರವರೆಗಿನ ಟವರುಗಳನ್ನು ತಾವೇ ಪರೀಕ್ಷಿಸುತ್ತವೆ ಮತ್ತು ಮಿತಿ ಮೀರಿದರೆ ವಿಧಿಸಬಹುದಾದ ದಂಡವನ್ನು 2013ರಲ್ಲಿ 5 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಲಾಯಿತು. ತರಂಗದ ವಿಷಯ ಕೇಂದ್ರದ ಈ ಇಲಾಖೆಗೆ ಸೇರಿದ್ದಾದರೆ, ಟವರಿನ ಭಾರ ತಾಳದ ತಾರಸಿ, ಅನುಮತಿಯಿಲ್ಲದ ನಿರ್ಮಾಣ ಮುಂತಾದವುಗಳಿಗೆ ಶಿವಮೊಗ್ಗದಲ್ಲಿ ಮಹಾನಗರ ಪಾಲಿಕೆಯನ್ನು, ಭದ್ರಾವತಿಯಲ್ಲಿ ನಗರಸಭೆಯನ್ನು ಕೇಳಬೇಕು. ದೂರನ್ನು ಸರಿಯಾದ ಬಾಗಿಲಿಗೆ ಒಯ್ಯದೆ ತರಂಗ, ಬಿರುಕು, ಜನರೇಟರಿನ ಸದ್ದು ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ಯಾವುದಕ್ಕೂ ಉತ್ತರ ಬರುವುದಿಲ್ಲ.

ಮಿತಿ ನಿಜವಾಗಿಯೂ ಮೀರಬಹುದಾದ ಜಾಗ ಒಂದಿದೆ, ಅದು ಆಂಟೆನಾದ ಮುಖದ ಎದುರಿನ ಕೆಲವು ಮೀಟರುಗಳು. ಬೀದಿಯಲ್ಲಿ ನಡೆಯುವವರು ಅಲ್ಲಿಗೆ ಹೋಗುವುದಿಲ್ಲ. ತಾರಸಿಯ ನೀರಿನ ಟ್ಯಾಂಕ್ ತೊಳೆಯುವವರು, ಗೋಡೆಗೆ ಬಣ್ಣ ಬಳಿಯುವವರು, ಸೋಲಾರ್ ಫಲಕ, ಡಿಶ್, ಜಾಹೀರಾತು ಫಲಕ ಅಳವಡಿಸುವವರು ಹೋಗುತ್ತಾರೆ. ಈ ತರಂಗಗಳ ಬಗ್ಗೆ ತರಬೇತಿಯಾಗಲಿ ಅಳತೆಯ ಉಪಕರಣವಾಗಲಿ ಅವರಲ್ಲಿರುವುದಿಲ್ಲ ಮತ್ತು ಎಚ್ಚರಿಕೆಯ ಫಲಕ ಇಂಗ್ಲಿಷಿನಲ್ಲಿದ್ದರೆ ಅವರಲ್ಲಿ ಹಲವರಿಗೆ ಅದು ಉಪಯೋಗಕ್ಕೆ ಬಾರದು. ತಾರಸಿಯನ್ನು ಬಾಡಿಗೆಗೆ ಕೊಟ್ಟ ಕಟ್ಟಡದ ಮಾಲೀಕರು ಕರಾರಿನಲ್ಲೇ ಕನ್ನಡದ ಎಚ್ಚರಿಕೆ ಫಲಕವನ್ನೂ ಆಂಟೆನಾದ ಸುತ್ತ ಬೇಲಿಯನ್ನೂ ಕೇಳಬೇಕು, ತಾರಸಿಯ ಬಾಗಿಲಿಗೆ ಬೀಗವಿರಬೇಕು, ಮತ್ತು ಕೂಲಿಯವರನ್ನು ಮೇಲಕ್ಕೆ ಕಳುಹಿಸುವ ಮೊದಲು ಕಂಪನಿಗೆ ತಿಳಿಸಿ ಕೆಲಸ ಮುಗಿಯುವವರೆಗೆ ಆ ದಿಕ್ಕಿನ ಆಂಟೆನಾದ ಪ್ರಸರಣವನ್ನು ನಿಲ್ಲಿಸುವಂತೆ ಲಿಖಿತವಾಗಿ ಕೋರಬೇಕು.